ಎತ್ತರದ ಹುಡುಗಿಯನ್ನು ನಾನು ಆರಿಸಿದ್ದು

ನಾನು ಆಕೆಯನ್ನು ಮೊದಲು ನೋಡಿದ್ದು ಹುನಗುಂದದಲ್ಲಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ. ಕಮತಗಿಯ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕಿ. ಆ ದಿನ ಹುಡುಗಿಯರ ವಾಲಿಬಾಲ್ ಪಂದ್ಯಗಳಿಗೆ ಅಂಪೈರ್ ಆಗಿ ಹೋಗಿದ್ದೆ. ಬೆಳಗಿನ ಮಳೆ ನಿಂತಿತ್ತು. ಎರೆಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲು ಭಾರವಾಗುತ್ತಿತ್ತು. ಗುಡೂರಿನ ಶಾಲೆಯ ಹುಡುಗಿಯರು ಅಂಕಣಕ್ಕೆ ಇಳಿದರು. ಐವರ ತಲೆ ಒಂದು ಮಟ್ಟದಲ್ಲಿದ್ದರೆ ಆರನೆಯವಳ ತಲೆ ಅವರಿಗಿಂತ ಒಂದು ಗೇಣು ಮೇಲಿತ್ತು. ಕಾಂಪೌಂಡ್ ಗೋಡೆಯ ಮೇಲೆ ಕೂತಿದ್ದ ಹುಡುಗರು "ಲೈಟಿನ ಕಂಬ ಬಂತಲೇ" ಎಂದು ಕೂಗಿದರು. ಆಕೆ ಕೇಳಿಸಿಕೊಳ್ಳದವಳಂತೆ ನಿಂತಳು. ಆದರೆ ಭುಜಗಳನ್ನು ಒಳಗೆ ಎಳೆದುಕೊಂಡು, ಮೊಣಕಾಲು ತುಸು ಮಡಿಸಿ, ಇದ್ದ ಎತ್ತರದಲ್ಲಿ ನಾಲ್ಕು ಬೆರಳಾದರೂ ಕಡಿಮೆ ಮಾಡಿಕೊಳ್ಳಲು ಹೆಣಗುತ್ತಿದ್ದಳು.

ಆಟ ಏನೇನೂ ಬರುತ್ತಿರಲಿಲ್ಲ. ಮೊದಲ ಸರ್ವಿಸ್ ಆಕೆಯ ಮುಂಗೈಗೆ ಬಡಿದು ಮೈದಾನದಾಚೆಯ ಬೇವಿನ ಮರಕ್ಕೆ ಹೋಯಿತು. ಎರಡನೆಯದನ್ನು ಆಕೆ ಮುಟ್ಟಲೇ ಇಲ್ಲ. ಗುಡೂರಿನವರು ಮೊದಲ ಸೆಟ್ಟನ್ನು ಸೋತರು. ಎರಡನೆಯ ಸೆಟ್ಟಿನ ನಡುವೆ ಎದುರಿನ ತಂಡದ ಒಳ್ಳೆಯ ಆಟಗಾರ್ತಿಯೊಬ್ಬಳು ಹಾರಿ ಚೆಂಡನ್ನು ಬಲವಾಗಿ ಹೊಡೆದಳು. ಬಲೆಯ ಹತ್ತಿರ ನಿಂತಿದ್ದ ಈ ಹುಡುಗಿ ಹಾರಲಿಲ್ಲ. ಎರಡೂ ಕೈ ಮೇಲೆತ್ತಿದಳು, ಅಷ್ಟೇ. ಚೆಂಡು ಆ ಕೈಗಳಿಗೆ ತಾಗಿ, ಹೊಡೆದವಳ ಕಾಲ ಬಳಿಯೇ ದೊಪ್ಪೆಂದು ಬಿತ್ತು. ಹುಡುಗಿ ತಾನೇ ಏನೋ ತಪ್ಪು ಮಾಡಿದೆನೇನೋ ಎಂಬಂತೆ ನನ್ನತ್ತ ನೋಡಿದಳು. ನಾನು ಸೀಟಿ ಊದಿ ಅಂಕ ಗುಡೂರಿನವರಿಗೆ ಎಂದು ಕೈ ತೋರಿಸಿದೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಇದಕ್ಕೆ ಕಾರಣ ಹೇಳಬೇಕು. ಪಾಠ ಹೇಳುವುದರ ಜೊತೆಗೆ ಆಗ ಎಂಟೊಂಬತ್ತು ವರ್ಷಗಳಿಂದ ನಾನು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದೆ. ಪ್ರತಿವರ್ಷ ಬಾಗಲಕೋಟೆಯಲ್ಲಿ ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸುತ್ತಾರೆ. ಆರಿಸುವ ಮೂವರಲ್ಲಿ ನಾನೊಬ್ಬಳು. ನಮ್ಮಲ್ಲಿ ಹಿರಿಯರಾದ ಕೋಚ್ ಒಬ್ಬರಿದ್ದರು. ನಿವೃತ್ತರಾಗಿದ್ದರೂ ಆಯ್ಕೆಯ ದಿನ ಬಿಳಿ ಟೋಪಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು. ನನಗೆ ಕಣ್ಣು ಕೊಟ್ಟವರು ಅವರೇ. "ಇವತ್ತ ಏನ್ ಆಡ್ತಾಳ ಅನ್ನೂದನ್ನ ಊರ ಮಂದಿ ಎಲ್ಲಾ ನೋಡ್ತಾರ. ನಾಕ ವರ್ಷ ಬಿಟ್ಟ ಏನ್ ಆಡ್ತಾಳ ಅನ್ನೂದನ್ನ ನಾವ್ ನೋಡಬೇಕ್ರೀ" ಎನ್ನುತ್ತಿದ್ದರು. ಬಾರದ ಆಟವನ್ನು ಕಲಿಸಬಹುದು, ಇಲ್ಲದ ಎತ್ತರವನ್ನು ಕೊಡಲಾಗದು ಎಂಬುದು ಅವರ ಲೆಕ್ಕ. ಅವರಿಂದ ನಾನು ಮಕ್ಕಳ ಪಾದ ನೋಡುವುದನ್ನು ಕಲಿತೆ. ಹದಿನಾಲ್ಕರ ಹುಡುಗಿಯ ಪಾದ ಮೈಗಿಂತ ಮುಂದೆ ಓಡಿದ್ದರೆ ಆಕೆ ಇನ್ನೂ ಬೆಳೆಯುತ್ತಾಳೆ. ಎರಡೂ ಕೈ ಚಾಚಿಸಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆಯುವುದನ್ನು ಕಲಿತೆ. ಆ ಅಳತೆ ಎತ್ತರವನ್ನು ಮೀರಿದರೆ ಬಲೆಯ ಬಳಿ ಆಡುವವಳು ಸಿಕ್ಕಳೆಂದು ತಿಳಿಯಬೇಕು. ಕೊನೆಯಲ್ಲಿ ಮನೆಗೆ ಹೋಗಿ ತಂದೆ ತಾಯಿಯನ್ನು ನೋಡಬೇಕು. ಮಗು ಎಲ್ಲಿಯವರೆಗೆ ಬೆಳೆದೀತು ಎಂಬುದು ಅವರ ಮೈಯಲ್ಲಿ ಗೊತ್ತಾಗುತ್ತದೆ.

ಪಂದ್ಯ ಮುಗಿದ ಮೇಲೆ ಹುಡುಗಿಯನ್ನು ಕರೆದೆ. ಒಂಬತ್ತನೆಯ ತರಗತಿ ಎಂದಳು.

"ಎಷ್ಟ ಎತ್ತರ ಅದಿ?"

"ಗೊತ್ತಿಲ್ರಿ ಅಕ್ಕೋರ. ಯಾರೂ ಅಳದಿಲ್ಲ."

"ವಾಲಿಬಾಲ್ ಎಷ್ಟ ದಿನದಿಂದ ಆಡಾಕತ್ತಿ?"

"ನಾಕ ದಿನಾ ಆತ್ರಿ. ಒಬ್ಬಾಕಿಗೆ ಜ್ವರಾ ಬಂದಾವ್ರಿ. ಅದಕ್ಕ ನನ್ನ ಕರ್ಕೊಂಡ ಬಂದಾರ."

ನಾಲ್ಕು ದಿನ! ನಾನು ಜೇಬಿನಿಂದ ಟೇಪ್ ತೆಗೆದು ಶಾಲೆಯ ಗೋಡೆಗೆ ಆಕೆಯನ್ನು ನಿಲ್ಲಿಸಿ ಅಳೆದೆ. ಐದಡಿ ಹತ್ತು ಅಂಗುಲ. ಕೈ ಚಾಚಿಸಿದೆ. ಚಾಚಿದ ಕೈಗಳ ಅಳತೆ ಎತ್ತರಕ್ಕಿಂತ ನಾಲ್ಕು ಅಂಗುಲ ಹೆಚ್ಚಿತ್ತು. ಟೇಪನ್ನು ಎರಡು ಸಲ ಹಿಡಿದು ನೋಡಿದೆ. ಬೆರಳುಗಳು ನೀಳವಾಗಿ, ಸಪೂರವಾಗಿ, ನನ್ನ ಬೆರಳಿಗಿಂತ ಒಂದು ಗೆಣ್ಣಿನಷ್ಟು ಉದ್ದವಿದ್ದವು. ಅಷ್ಟು ವರ್ಷಗಳಲ್ಲಿ ಅಂಥ ಕೈಗಳನ್ನು ನಾನು ನೋಡಿರಲಿಲ್ಲ.

ಮುಂದಿನ ಭಾನುವಾರವೇ ಗುಡೂರಿಗೆ ಹೋದೆ. ಮನೆಯಲ್ಲಿ ತಾಯಿ ಇಳಕಲ್ ಸೀರೆಯ ಮಗ್ಗದಲ್ಲಿ ಕೂತಿದ್ದಳು. ನನ್ನನ್ನು ಕಂಡು ಲಾಳಿ ಬಿಟ್ಟು ಎದ್ದಳು. ನನ್ನಷ್ಟೇ ಎತ್ತರ, ಅಂದರೆ ಐದಡಿ ಎರಡು ಅಂಗುಲ ಇದ್ದೀತು. ಸ್ವಲ್ಪ ನಿರಾಸೆಯಾಯಿತು. ಆಕೆಯ ಅಣ್ಣ, ಹುಡುಗಿಯ ಸೋದರಮಾವ, ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ವಾರದ ರಜೆಗೆ ಬಂದಿದ್ದ. ಅವನೂ ಸಾಧಾರಣ ಎತ್ತರದವನೇ.

"ಹುಡುಗಿ ಯಾರನ್ನ ಹೋತಾಳ್ರೀ?" ಎಂದು ಕೇಳಿದೆ.

"ಅವರಪ್ಪನ್ನ ಹೋತಾಳ್ರಿ" ಎಂದು ತಾಯಿ ಗೋಡೆಯ ಕಡೆ ಕೈ ಮಾಡಿದಳು.

ಮದುವೆಯ ಫೋಟೊ. ಬಾಗಿಲ ಬಳಿ ನಿಂತ ಮದುಮಗನ ರುಮಾಲು ಅದರ ಮೇಲ್ಚೌಕಟ್ಟಿಗೆ ತಾಗುತ್ತಿತ್ತು. ಉದ್ದ ಮುಖ, ಇಳಿಬಿದ್ದ ಉದ್ದ ಕೈಗಳು. ಆತ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

"ಏನಾಗಿತ್ರಿ?"

"ಏನೂ ಆಗಿದ್ದಿಲ್ರಿ ಅಕ್ಕೋರ. ಮುಂಜಾನಿ ರೊಟ್ಟಿ ಕಟಗೊಂಡ ಹೊಲಕ್ಕ ಹೋಗಿದ್ರು. ಸಜ್ಜಿ ಚೀಲಾ ಎತ್ತಿ ಗಾಡ್ಯಾಗ ಇಟ್ರಂತ. ಎದಿ ಹಿಡಕೊಂಡ ಕುಂತ್ರಂತ. ಬಾಗಲಕೋಟಿ ದವಾಖಾನಿಗೆ ಒಯ್ಯೂದರಾಗ ಮುಗದಿತ್ರಿ. ಮೂವತ್ತನಾಕ ವಯಸ್ಸ್ರಿ."

ನಾನು ಲೊಚಗುಟ್ಟಿದೆ. ಹೇಳಬೇಕಾದ ನಾಲ್ಕು ಮಾತು ಹೇಳಿದೆ. ಆಮೇಲೆ ಚೀಲದಿಂದ ನೋಟ್‌ಬುಕ್ ತೆಗೆದು ಹುಡುಗಿಯ ಹಾಳೆಯಲ್ಲಿ ಬರೆದೆ: ತಂದೆ ಆರಡಿ ಮೇಲೆ. ಅಷ್ಟು ಮಾತ್ರ ಬರೆದೆ. ಒಬ್ಬ ಹೆಂಗಸು ತನ್ನ ಗಂಡ ಸತ್ತ ಬಗೆಯನ್ನು ಹೇಳುತ್ತಿದ್ದಾಗ ನಾನು ಆತನ ಎತ್ತರವನ್ನು ಬರೆದುಕೊಂಡೆ.

ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಹುಡುಗಿ ಬಸ್ಸಿನಲ್ಲಿ ಕಮತಗಿಗೆ ಬರತೊಡಗಿದಳು. ಮಾವ ಬಾಗಲಕೋಟೆಯ ಮಾರ್ಕೆಟ್ಟೆಲ್ಲ ಸುತ್ತಿ ಗಂಡಸರ ಬೂಟು ತಂದುಕೊಟ್ಟಿದ್ದ. ಹುಡುಗಿಯರ ಬೂಟು ಆಕೆಯ ಅಳತೆಯಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಮೊದಲ ತಿಂಗಳು ಚೆಂಡನ್ನೇ ಕೊಡಲಿಲ್ಲ. ನಿಲ್ಲುವುದು, ಪಕ್ಕಕ್ಕೆ ಜರುಗುವುದು, ಎರಡು ಹೆಜ್ಜೆ ಹಾಕಿ ಹಾರುವುದು, ಇಷ್ಟನ್ನೇ ಮಾಡಿಸಿದೆ. ಕಾಲು ಒಂದಕ್ಕೊಂದು ತೊಡರಿ ಎಷ್ಟೋ ಸಲ ಬಿದ್ದಳು. ಅಳಲಿಲ್ಲ. ಮಣ್ಣು ಕೊಡವಿಕೊಂಡು "ಇನ್ನೊಮ್ಮಿ ಮಾಡ್ಲೇನ್ರಿ?" ಎನ್ನುತ್ತಿದ್ದಳು.

ದೀಪಾವಳಿ ಕಳೆಯುವಷ್ಟರಲ್ಲಿ ಆಕೆ ನೆಟ್ಟಗೆ ನಿಲ್ಲತೊಡಗಿದಳು. ಇದನ್ನು ಮೊದಲು ಗಮನಿಸಿದವಳು ತಾಯಿ. ಒಂದು ದಿನ ಮಗಳ ಜೊತೆಗೆ ಬಂದು, ಮೈದಾನದ ಕಟ್ಟೆಯ ಮೇಲೆ ಕೂತು ನೋಡುತ್ತಾ, "ಮನ್ಯಾಗ ಬಾಗಲಾ ದಾಟೂ ಮುಂದ ತಲಿ ಬಡಿಸ್ಕೊಳ್ಳಾಕತ್ತಾಳ್ರಿ. ಮೊದಲ ಬಗ್ಗೇ ಇರ್ತಿದ್ಲಲ್ರಿ" ಎಂದು ನಕ್ಕಳು. ನನಗೆ ಆ ದಿನವೆಲ್ಲ ಖುಷಿಯಾಗಿತ್ತು.

ಸುಸ್ತು ಬೇಗ ಬರುತ್ತಿತ್ತು. ಮೈದಾನವನ್ನು ಆರು ಸುತ್ತು ಓಡಿಸಿದರೆ ನಾಲ್ಕನೆಯದಕ್ಕೆ ಕೈ ಸೊಂಟಕ್ಕೆ ಹೋಗುತ್ತಿತ್ತು. ದಮ್ಮು ಕಡಿಮೆ, ಓಡಿದರೆ ಸರಿಹೋಗುತ್ತದೆ ಎಂದುಕೊಂಡು ನಾನು ಎಂಟು ಸುತ್ತು ಓಡಿಸಿದೆ. ಒಂದು ಸಲ ಕೂತು ಬೂಟಿನ ಲೇಸು ಕಟ್ಟುತ್ತಾ, "ಎದಿ ಭಾಳ ಜೋರ ಬಡೀತೈತ್ರಿ, ಕಿವ್ಯಾಗ ಕೇಳ್ತೈತಿ" ಎಂದಳು. "ಎಲ್ಲಾರಿಗೂ ಹಂಗ ಆಗ್ತೈತಿ, ಏಳ" ಎಂದೆ. ಬಿಡುವಿನಲ್ಲಿ ಉಳಿದ ಹುಡುಗಿಯರಿಗೆ ಆಕೆ ತನ್ನ ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿ ತೋರಿಸುತ್ತಿದ್ದಳು. ಬೆರಳುಗಳು ಬಿದಿರಿನ ಸೀಳಿನಂತೆ ಬಾಗುತ್ತಿದ್ದವು. ಹುಡುಗಿಯರು ಕಿರಿಚುತ್ತಿದ್ದರು. ನಾನೂ ನೋಡಿ ನಕ್ಕಿದ್ದೇನೆ. ಇಷ್ಟು ಸಡಿಲ ಕೈ ಇದ್ದರೆ ಚೆಂಡನ್ನು ಎತ್ತಿಕೊಡುವುದನ್ನೂ ಕಲಿಸಬಹುದಲ್ಲ ಎಂದು ಲೆಕ್ಕ ಹಾಕಿದ್ದೇನೆ.

ಬೇಸಿಗೆಯಲ್ಲಿ ಬಾಗಲಕೋಟೆಯಲ್ಲಿ ಆಯ್ಕೆ ನಡೆಯಿತು. ಹುಡುಗಿ ಆ ಹೊತ್ತಿಗೆ ಇನ್ನೂ ಒಂದೂವರೆ ಅಂಗುಲ ಬೆಳೆದಿದ್ದಳು. ಆದರೆ ಅಷ್ಟು ಜನರ ಮುಂದೆ ಕಲಿತದ್ದೆಲ್ಲ ಮರೆತುಹೋಯಿತು. ಸುಲಭದ ಚೆಂಡುಗಳನ್ನು ಕೈಬಿಟ್ಟಳು. ಓಟದಲ್ಲಿ ಕೊನೆಯವಳಾದಳು. ನಮ್ಮ ಮೂರನೆಯ ಸದಸ್ಯ, ಬೇರೆ ಜಿಲ್ಲೆಯಿಂದ ಬಂದಿದ್ದ ತರಬೇತುದಾರ, ಪೆನ್ನು ಕೆಳಗಿಟ್ಟು, "ಮೇಡಂ, ಇವಳಿಗೆ ಆಟಾನೇ ಬರಲ್ಲ. ಬರೀ ಉದ್ದ ಇದ್ರೆ ಆಯ್ತಾ? ಈ ಸೀಟು ಆಡೋ ಹುಡುಗಿಗೆ ಸಿಗಲಿ" ಎಂದ.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸರದಿಯಲ್ಲಿ ಮುಧೋಳದ ಕಡೆಯ ಹುಡುಗಿಯೊಬ್ಬಳಿದ್ದಳು. ಸಾಧಾರಣ ಎತ್ತರ, ಚುರುಕು ಕಾಲು, ಎಲ್ಲ ಚೆಂಡನ್ನೂ ಎತ್ತುತ್ತಿದ್ದಳು. ನಾನು ನನ್ನ ಹುಡುಗಿಯ ಪರವಾಗಿ ಅರ್ಧ ಗಂಟೆ ಮಾತಾಡಿದೆ. ಆಡತೊಡಗಿ ಒಂದು ವರ್ಷವೂ ಆಗಿಲ್ಲ ಎಂದೆ, ಕೈಗಳನ್ನು ನೋಡಿ ಎಂದೆ, ನಾಲ್ಕು ವರ್ಷದ ಮೇಲೆ ನೋಡಿ ಎಂದೆ. ಕೋಚ್ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಹುಡುಗಿಯನ್ನು ಕರೆದು ಬಲೆಯ ಮುಂದೆ ನಿಲ್ಲಿಸಿ, ತಾವೇ ಕುರ್ಚಿಯ ಮೇಲೆ ಹತ್ತಿ ಆಚೆಯಿಂದ ಹತ್ತು ಚೆಂಡುಗಳನ್ನು ಹೊಡೆದರು. ಏಳನ್ನು ಆಕೆ ತಡೆದಳು. ಕುರ್ಚಿಯಿಂದ ಇಳಿದವರು ಟೋಪಿ ತೆಗೆದು ಬೆವರು ಒರೆಸಿಕೊಂಡು, "ಬರ್ಕೋರಿ" ಎಂದರು.

ಹೀಗೆ ಆಕೆಯ ಹೆಸರು ಪಟ್ಟಿಗೆ ಸೇರಿತು. ವೈದ್ಯರ ತಪಾಸಣೆಯೊಂದು ಬಾಕಿ ಇತ್ತು.

ಅದು ಒಂದು ಶಾಸ್ತ್ರ ಎಂದೇ ನಾವೆಲ್ಲ ತಿಳಿದಿದ್ದೆವು. ತೂಕ, ಕಣ್ಣು, ರಕ್ತದೊತ್ತಡ ನೋಡಿ ಸಹಿ ಹಾಕಿಕೊಡುತ್ತಾರೆ. ಆ ವರ್ಷ ಬಂದಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರ್. ಸಹಿ ಹಾಕುವ ಅವಸರ ಆಕೆಗಿರಲಿಲ್ಲ. ಹುಡುಗಿಯ ಕೈ ಹಿಡಿದು ಬೆರಳುಗಳನ್ನು ನೋಡಿದಳು. ಒಂದು ಕೈಯ ಹೆಬ್ಬೆರಳು ಮತ್ತು ಕಿರುಬೆರಳಿನಿಂದ ಇನ್ನೊಂದು ಮಣಿಕಟ್ಟನ್ನು ಸುತ್ತಿ ಹಿಡಿಯಲು ಹೇಳಿದಳು. ಎರಡು ಬೆರಳೂ ಒಂದರ ಮೇಲೊಂದು ಬಂದವು. ಬಾಯಿ ತೆರೆಸಿ ಅಂಗುಳ ನೋಡಿದಳು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಈಕಿ ತಂದಿ ತಾಯಿ ಅದಾರೇನ್ರಿ?" ಎಂದಳು.

"ತಂದಿ ಇಲ್ರಿ. ಹೊಲದಾಗ ತೀರ್ಕೊಂಡ್ರಂತ. ಎದಿ ಹಿಡಕೊಂಡು."

ಈ ಮಾತು ನನ್ನ ಬಾಯಿಂದ ಬಂದ ಕ್ಷಣದಲ್ಲಿ ತಂದೆಯ ಎತ್ತರವನ್ನಷ್ಟೇ ಬರೆದುಕೊಂಡಿದ್ದ ಹಾಳೆ ನೆನಪಾಯಿತು. ಡಾಕ್ಟರ್ ಎದೆಯ ಸ್ಕ್ಯಾನ್ ಮಾಡಿಸಲು ಚೀಟಿ ಬರೆದುಕೊಟ್ಟಳು.

ಎರಡು ದಿನದ ಮೇಲೆ ವರದಿ ಬಂತು. ಡಾಕ್ಟರ್ ನನ್ನನ್ನೂ ತಾಯಿಯನ್ನೂ ಮಾವನನ್ನೂ ಕೂರಿಸಿಕೊಂಡು ತಿಳಿಯುವ ಹಾಗೆ ಹೇಳಿದಳು. ಮೈಯನ್ನು ಬಿಗಿಯಾಗಿ ಹಿಡಿದಿಡುವ ನಾರು ಈ ಹುಡುಗಿಯಲ್ಲಿ ಹುಟ್ಟಿನಿಂದಲೇ ಸಡಿಲವಾಗಿದೆ. ಅದಕ್ಕೇ ಈ ಎತ್ತರ, ಈ ಕೈ, ಈ ಬೆರಳು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವೂ ಅದೇ ನಾರಿನದು. ಅದು ಈಗಾಗಲೇ ಹಿಗ್ಗಿದೆ. ಇದು ರಕ್ತದಲ್ಲಿ ಬರುವ ಬೇನೆ, ತಂದೆಗೂ ಇದ್ದಿರಬೇಕು. ಜೋರಾಗಿ ಓಡಿದರೆ, ಹಾರಿದರೆ, ಭಾರ ಎತ್ತಿದರೆ ಆ ನಾಳ ಹರಿಯಬಹುದು. ದಿನಾ ಗುಳಿಗೆ ತೆಗೆದುಕೊಂಡು, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಾ, ಹುಷಾರಾಗಿದ್ದರೆ ಬಹಳ ವರ್ಷ ಬದುಕಬಹುದು. ಆಟ ಮಾತ್ರ ಇನ್ನು ಇಲ್ಲ.

"ಇಲ್ಲೀತನಕ ಈಕೀನ್ನ ಯಾರ ಓಡಸ್ಯಾರ?" ಎಂದು ಕೇಳಿದಳು.

"ನಾನ್ರಿ" ಎಂದೆ.

ಆಕೆ ನನ್ನ ಮೇಲೆ ರೇಗಲಿಲ್ಲ. "ನಿಮಗ ಹ್ಯಾಂಗ ಗೊತ್ತಾಗಬೇಕ್ರಿ" ಎಂದಳು. ತಾಯಿ ನನ್ನ ಮುಖ ನೋಡಲಿಲ್ಲ. ಮಾವ ವರದಿಯ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲೂ ಏನಾದರೂ ಇದೆಯೇ ಎಂದು ನೋಡುತ್ತಿದ್ದ.

ಹುಡುಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನೇ ಹೇಳುತ್ತೇನೆಂದು ಮುಂದೆ ಹೋಗಿದ್ದೆ. ಎಷ್ಟು ಸುತ್ತಿಬಳಸಿ ಹೇಳಿದರೂ ವಿಷಯ ಅಷ್ಟೇ ಇತ್ತಲ್ಲ. ಕೊನೆಯವರೆಗೂ ಕೇಳಿಸಿಕೊಂಡಳು.

"ಹಂಗಾದ್ರ ನನ್ನ ಎತ್ತರಾನ ಬ್ಯಾನೀ ಏನ್ರಿ?"

ನಾನು ಬೆಂಚಿನ ಮೇಲೆ ಆಕೆಯ ಪಕ್ಕದಲ್ಲಿ ಕೂತೆ.

"ನೀವ ಹೇಳಿದ್ರಿ, ಇದು ಚೊಲೊ ಐತಿ ಅಂತ. ನೀವ ಹೇಳಿದ್ರಿ ನೆಟ್ಟಗ ನಿಂದರು ಅಂತ" ಎಂದಳು. ಧ್ವನಿ ಏರಲಿಲ್ಲ. ಎದ್ದು ತಾಯಿಯ ಹತ್ತಿರ ಹೋದಳು. ನಡೆಯುವಾಗ ಭುಜ ಮತ್ತೆ ಒಳಕ್ಕೆ ಹೋಗಿತ್ತು.

ಆ ಸೀಟು ಮುಧೋಳದ ಕಡೆಯ ಹುಡುಗಿಗೆ ಹೋಯಿತು. ನಾನು ಮನೆಗೆ ಬಂದು ಎರಡು ದಿನ ಶಾಲೆಗೆ ಹೋಗಲಿಲ್ಲ. ಕಣ್ಣು ಮುಚ್ಚಿದರೆ ಎಂಟು ಸುತ್ತು ಓಡುವ ಆ ಹುಡುಗಿ ಕಾಣುತ್ತಿದ್ದಳು. ಎಂಟನೆಯ ಸುತ್ತಿನಲ್ಲಿ ಬಿದ್ದಿದ್ದರೆ? ಕೋಚ್ ಫೋನ್ ಮಾಡಿದರು. "ನೀವ ಕರ್ಕೊಂಡ ಬರದ ಇದ್ರ ಆಕೀನ್ನ ಯಾವ ಡಾಕ್ಟರೂ ನೋಡತಿದ್ದಿಲ್ರಿ" ಎಂದರು. ಅದು ನಿಜವೇ. ಆದರೆ ನಾನು ಆಕೆಯನ್ನು ಕರೆತಂದದ್ದು ಡಾಕ್ಟರಿಗೆ ತೋರಿಸಲು ಆಗಿರಲಿಲ್ಲ. ಆ ಸಮಾಧಾನವನ್ನು ನಾನು ಇಟ್ಟುಕೊಳ್ಳಲಾರದೆ ಹೋದೆ.

ಡಾಕ್ಟರ್ ಇನ್ನೊಂದು ಮಾತು ಹೇಳಿದ್ದಳು. ತಂದೆಯ ಒಡಹುಟ್ಟಿದವರಿದ್ದರೆ ಅವರನ್ನೂ ತಪಾಸಣೆ ಮಾಡಿಸಬೇಕು ಎಂದು. ತಿಂಗಳ ಮೇಲೆ ಗುಡೂರಿಗೆ ಹೋಗಿ ತಾಯಿಯನ್ನು ಈ ಬಗ್ಗೆ ಕೇಳಿದೆ. ಬಾದಾಮಿಯಲ್ಲಿ ಗಂಡನ ತಂಗಿಯೊಬ್ಬಳಿದ್ದಾಳೆ, ಆತ ಸತ್ತ ಮೇಲೆ ಹೋಗಿ ಬರುವುದು ನಿಂತುಹೋಗಿದೆ ಎಂದಳು. ಮಣ್ಣು ಮಾಡಿದ ದಿನ ಯಾವುದೋ ಮಾತಿಗೆ ಮಾತು ಬೆಳೆದಿತ್ತಂತೆ. ಏನೆಂದು ಈಗ ತನಗೇ ನೆನಪಿಲ್ಲ ಎಂದಳು.

"ಎತ್ತರ ಅದಾರೇನ್ರಿ ಅವ್ರು?"

"ಅಣ್ಣನಂಗ ಅದಾಳ್ರಿ."

"ನಾಳೆ ಹೋಗೂಣು" ಎಂದೆ.

ಹುಡುಗಿ ಒಳಗಿನಿಂದ ಬಂದು, "ನಾನೂ ಬರ್ತೇನಿ" ಎಂದಳು. ತಾಯಿಗೆ ಹೇಳಿದ್ದು, ನನಗಲ್ಲ. ಆಸ್ಪತ್ರೆಯ ಬೆಂಚಿನಿಂದ ಎದ್ದು ಹೋದ ಮೇಲೆ ಆಕೆ ನನ್ನೊಡನೆ ಮಾತಾಡಿರಲಿಲ್ಲ. ಬಸ್ಸಿನಲ್ಲೂ ಮಾತಾಡಲಿಲ್ಲ. ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಕೊಟ್ಟು, ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಅಡ್ಡಡ್ಡ ತಿರುಗಿ ಕೂತಿದ್ದಳು.

ಬಾದಾಮಿಯಲ್ಲಿ ಹುಡುಗಿಯ ಆ ಸೋದರತ್ತೆ ಮನೆಯಲ್ಲೇ ರೊಟ್ಟಿ ಬಡಿದು ಊಟದ ಹೋಟೆಲುಗಳಿಗೆ ಕೊಡುತ್ತಿದ್ದಳು. ಗಂಡ ಟಂಟಂ ಆಟೊ ಓಡಿಸುತ್ತಿದ್ದ, ಮಕ್ಕಳಿರಲಿಲ್ಲ. ನಾವು ಹೋದಾಗ ಒಲೆಯ ಮುಂದೆ ಕೂತು ತಟ್ಟುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದದ್ದನ್ನು ಕಂಡು ತಲೆಯೆತ್ತಿದವಳು, ತಟ್ಟುವುದನ್ನು ನಿಲ್ಲಿಸಿ, ಹುಡುಗಿಯನ್ನೇ ನೋಡಿದಳು. ಒಲೆಯ ಮೇಲಿನ ರೊಟ್ಟಿ ಸುಟ್ಟು ಹೊಗೆ ಬಂತು. ಎದ್ದು ನಿಂತಳು. ಏಳುತ್ತಲೇ ಹೋದಳು ಎಂದು ಹೇಳಬೇಕು, ಅಷ್ಟು ಎತ್ತರ. ಹಿಟ್ಟಿನ ಕೈಯಲ್ಲೇ ಹುಡುಗಿಯ ಮುಖ ಹಿಡಿದು, "ನಮ್ಮಣ್ಣ ಬಂದಂಗ ಬಂದ್ಯಲ್ಲಬೇ" ಎಂದು ಅಳತೊಡಗಿದಳು. ನಾದಿನಿ ಅತ್ತಿಗೆ ಇಬ್ಬರೂ ಅತ್ತರು. ಹಳೆಯ ಮಾತು ಯಾರೂ ಎತ್ತಲಿಲ್ಲ.

ಹುಡುಗಿ ಮಾತ್ರ ಅಳಲಿಲ್ಲ. ಅತ್ತೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಿದ್ದಳು. ತನ್ನ ಹಾಗೆ ಇನ್ನೊಬ್ಬ ಹೆಂಗಸು ಇರಬಹುದೆಂದು ಆಕೆಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಿಂದೆ ನೋಡಿದ್ದಾಗ ತೀರಾ ಚಿಕ್ಕವಳು.

ಊಟವಾದ ಮೇಲೆ ನಾನು ಬಂದ ಕಾರಣ ಹೇಳಿದೆ. ಅತ್ತೆ ಕೈ ಆಡಿಸಿಬಿಟ್ಟಳು.

"ನನಗೇನ ಆಗೇತ್ರಿ? ದಿನಾ ಇನ್ನೂರ ರೊಟ್ಟಿ ಬಡೀತೇನಿ. ಒಂದ ದಿನಾ ಮಲಗಿಲ್ಲ. ದವಾಖಾನಿಗೆ ಹೋದ್ರ ಇಲ್ಲದ್ದ ಹುಡುಕಿ ತಗೀತಾರ."

ನಾನು ಡಾಕ್ಟರ್ ಹೇಳಿದ್ದನ್ನು ಮತ್ತೆ ಹೇಳಿದೆ. ಆಕೆ ಬೇರೆ ಮಾತು ತೆಗೆದಳು. ಆಗ ಹುಡುಗಿ ಎದ್ದು ಅತ್ತೆಯ ಪಕ್ಕದಲ್ಲಿ ಕೂತಳು.

"ಅತ್ತಿ, ಕೈ ಕೊಡ ಇಲ್ಲಿ."

ಅತ್ತೆಯ ಹೆಬ್ಬೆರಳು, ಕಿರುಬೆರಳನ್ನು ಆಕೆಯದೇ ಇನ್ನೊಂದು ಮಣಿಕಟ್ಟಿಗೆ ಸುತ್ತಿಸಿದಳು. ಬೆರಳುಗಳು ಒಂದರ ಮೇಲೊಂದು ಬಂದವು. ಪಕ್ಕದಲ್ಲೇ ತನ್ನ ಮಣಿಕಟ್ಟಿಗೂ ಹಾಗೆಯೇ ಸುತ್ತಿ ತೋರಿಸಿದಳು. ಆಮೇಲೆ ತಾಯಿಯ ಕೈ ಎಳೆದು ಆಕೆಯಿಂದಲೂ ಮಾಡಿಸಿದಳು. ತಾಯಿಯ ಬೆರಳುಗಳ ನಡುವೆ ಎರಡು ಬೆರಳಗಲ ಜಾಗ ಉಳಿಯಿತು.

"ಅವ್ವಗ ಇಲ್ಲ. ನನಗ ಐತಿ, ನಿನಗ ಐತಿ. ಅಪ್ಪಗ ಇತ್ತು. ಅಪ್ಪನೂ ಒಂದ ದಿನಾ ಮಲಗಿದ್ದಿಲ್ಲಂತ" ಎಂದಳು. "ನಾನೂ ತೋರಿಸ್ಕೊಂಡೇನಿ. ಏನೂ ಮಾಡಂಗಿಲ್ಲ ಅತ್ತಿ, ಎದಿ ಮ್ಯಾಲ ತಣ್ಣಗ ಒಂದ ಹಚ್ಚಿ ನೋಡ್ತಾರ ಅಷ್ಟ. ನಾ ನಿನ್ನ ಜೋಡಿ ಬರ್ತೇನಿ."

ಅತ್ತೆ ತನ್ನ ಇನ್ನೊಂದು ಮಣಿಕಟ್ಟಿಗೂ ಬೆರಳು ಸುತ್ತಿ ನೋಡಿಕೊಂಡಳು. ಆಮೇಲೆ, "ನಾಡದ ಹೋಗೂಣು. ನಾಳಿಗೆ ರೊಟ್ಟಿ ಹೇಳ್ಯಾರ" ಎಂದಳು.

ಅತ್ತೆಯ ರಕ್ತನಾಳ ಹುಡುಗಿಯದಕ್ಕಿಂತ ಬಹಳ ಹೆಚ್ಚು ಹಿಗ್ಗಿತ್ತು. ಇನ್ನು ತಡ ಮಾಡುವ ಹಾಗಿಲ್ಲ ಎಂದರು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಎದೆ ತೆರೆದು, ಕೆಟ್ಟಷ್ಟು ಭಾಗ ತೆಗೆದು ಬೇರೆ ಕೊಳವೆ ಕೂಡಿಸಿದರು. ಆ ದಿನ ಬೆಳಗಿನಿಂದ ಸಂಜೆಯವರೆಗೆ ನಾವು ಹೊರಗೆ ಕೂತಿದ್ದೆವು. ಹುಡುಗಿಯ ತಾಯಿ, ಅತ್ತೆಯ ಗಂಡ, ಹುಡುಗಿ, ನಾನು. ಮಧ್ಯಾಹ್ನ ಹುಡುಗಿ ಎದ್ದು ಹೋಗಿ ಮೂರು ಲೋಟ ಚಹಾ ತಂದಳು. ಇಬ್ಬರಿಗೆ ಕೊಟ್ಟು, ಕೊನೆಯದನ್ನು ನನ್ನ ಮುಂದೆ ಹಿಡಿದು, "ತಗೋರಿ ಅಕ್ಕೋರ" ಎಂದಳು. ತನಗೆ ತಂದುಕೊಂಡಿರಲಿಲ್ಲ. ನಾನು ಅರ್ಧ ಕುಡಿದು ಅರ್ಧ ಆಕೆಗೆ ಕೊಟ್ಟೆ. ಸಂಜೆ ಡಾಕ್ಟರ್ ಹೊರಗೆ ಬಂದು, ಎಲ್ಲ ಸರಿಹೋಯಿತು ಎಂದರು. ಅತ್ತೆಯ ಗಂಡ ನೆಲದ ಮೇಲೆ ಕುಕ್ಕರಿಸಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಅತ್ತೆಯನ್ನು ನೋಡಿಕೊಳ್ಳಲೆಂದು ಬಾದಾಮಿಗೆ ಹೋದ ಹುಡುಗಿ ಅಲ್ಲಿಯೇ ಉಳಿದಳು. ಹತ್ತನೆಯ ತರಗತಿಯನ್ನೂ ಪಿಯುಸಿಯನ್ನೂ ಅಲ್ಲೇ ಮುಗಿಸಿದಳು. ಈಗ ಇಬ್ಬರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡು ಅತ್ತೆಯ ಜೊತೆ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಒಲೆಯ ಕೆಲಸ ಬೇರೆಯವರದು, ಬೇಡಿಕೆ ಹಿಡಿಯುವುದು, ಹೋಟೆಲುಗಳಿಗೆ ಫೋನ್ ಮಾಡುವುದು ಈಕೆಯದು. ಅಂಚೆ ಶಿಕ್ಷಣದಲ್ಲಿ ಪದವಿಗೂ ಓದುತ್ತಿದ್ದಾಳೆ. ಗುಳಿಗೆ ತಪ್ಪಿಸುವುದಿಲ್ಲ. ವರ್ಷಕ್ಕೊಮ್ಮೆ ಅತ್ತೆ, ಸೊಸೆ ಇಬ್ಬರೂ ಒಟ್ಟಿಗೆ ಸ್ಕ್ಯಾನಿಗೆ ಹೋಗುತ್ತಾರೆ. ಒಂದು ದಿನ ತನಗೂ ಎದೆ ತೆರೆಸಬೇಕಾದೀತು ಎಂಬುದು ಆಕೆಗೆ ಗೊತ್ತು.

ನಾನು ಆರಿಸುವ ಕೆಲಸ ಬಿಡಬೇಕೆಂದು ಒಮ್ಮೆ ಪತ್ರವನ್ನೂ ಬರೆದಿದ್ದೆ. ಕೊಡಲಿಲ್ಲ. ಈಗಲೂ ಪ್ರತಿ ಬೇಸಿಗೆ ಟೇಪು ಹಿಡಿದು ಹೋಗುತ್ತೇನೆ. ತುಂಬ ಎತ್ತರದ ಮಕ್ಕಳು ಬಂದಾಗ ಎದೆ ಹಿಂದಿನ ಹಾಗೆ ಹಿಗ್ಗುವುದಿಲ್ಲ. ಮೊದಲು ಮಣಿಕಟ್ಟು ಹಿಡಿಸಿ ನೋಡುತ್ತೇನೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡಿದ್ದಾರೆಯೇ, ಹೇಗೆ ಎಂದು ಕೇಳುತ್ತೇನೆ. ಆಟ ಆಡಲು ಬಂದ ಮಕ್ಕಳಿಗೆ ಇದೆಂಥ ಪ್ರಶ್ನೆ ಎಂದು ಕೆಲವು ತಂದೆತಾಯಿಗಳು ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ಇಷ್ಟು ವರ್ಷಗಳಲ್ಲಿ ಇಬ್ಬರನ್ನು ಡಾಕ್ಟರ ಬಳಿ ಕಳಿಸಿದ್ದೇನೆ, ಇಬ್ಬರಿಗೂ ಏನೂ ಇರಲಿಲ್ಲ. ಅವರಲ್ಲೊಬ್ಬಳು ಈಗ ಚೆನ್ನಾಗಿ ಆಡುತ್ತಿದ್ದಾಳೆ.

ಕಳೆದ ಚಳಿಗಾಲದಲ್ಲಿ ಶಾಲೆಯ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದಾಗ ಆ ಮನೆಗೂ ಹೋದೆ. ಹುಡುಗಿ ಈಗ ಹುಡುಗಿಯಲ್ಲ. ಆರಡಿಯ ಹೆಂಗಸು, ಕನ್ನಡಕ ಬಂದಿದೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರೊಟ್ಟಿಯ ಕಟ್ಟುಗಳನ್ನು ಎಣಿಸುತ್ತಿದ್ದಳು. ನನಗೆ ಬದನೆಕಾಯಿ ಪಲ್ಯದ ಜೊತೆ ಬಿಸಿರೊಟ್ಟಿ ಬಡಿಸಿ, ಎದುರಿಗೆ ಕೂತಳು. ಅತ್ತೆ ಒಳಗೆ ಮಲಗಿದ್ದಳು.

"ಒಂದ ಕೇಳ್ಲೇನ್ರಿ ಅಕ್ಕೋರ? ಖರೆ ಹೇಳಬೇಕು."

"ಕೇಳ."

"ಈ ಬ್ಯಾನಿ ಇಲ್ದಿದ್ರ ನಾ ಎಲ್ಲೀತನಕಾ ಆಡತಿದ್ನಿ?"

ಮನಸ್ಸಿಗೆ ಹಿತವಾಗುವ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ದೇಶಕ್ಕೆ ಆಡುತ್ತಿದ್ದೆ ಎನ್ನಬಹುದಿತ್ತು. ಆದರೆ ಆಕೆ ಕೇಳಿದ್ದು ನನ್ನ ಕಸುಬಿನ ಪ್ರಶ್ನೆ, ಮತ್ತು ಆ ಕಸುಬಿನಲ್ಲಿ ಆಕೆಗೆ ನಾನು ಒಮ್ಮೆ ತಪ್ಪು ಮಾಡಿದ್ದೆ. ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟು ಯೋಚಿಸಿದೆ. ಆ ಕೈ, ಆ ಎತ್ತರ ಈ ಬೇನೆಯದೇ. ಅದಿಲ್ಲದಿದ್ದರೆ ಹುನಗುಂದದ ಮೈದಾನದಲ್ಲಿ ನಾನು ಆಕೆಯನ್ನು ನೋಡುತ್ತಲೇ ಇರಲಿಲ್ಲ. ಅದನ್ನು ಹೇಳಿದೆ. ಆಮೇಲೆ, ಆ ಕೈಗಳು ಹಾಗೆಯೇ ಇದ್ದು ಎದೆ ಮಾತ್ರ ಗಟ್ಟಿಯಾಗಿದ್ದಿದ್ದರೆ ಎಂದಿಟ್ಟುಕೊಂಡು ಹೇಳಿದೆ.

"ರಾಜ್ಯದ ತಂಡದಾಗ ಬರ್ತಿದ್ದಿ. ಬಲಿ ಹತ್ರ ನಿನ್ನ ದಾಟಿ ಹೊಡಿಯೂದು ಕಷ್ಟ ಇತ್ತು. ಅದರ ಮುಂದ ನನಗ ಗೊತ್ತಿಲ್ಲ. ನಿನ್ನ ಕಾಲು ನಿಧಾನ ಇದ್ವು. ಚೆಂಡ ಬಂದ ಮ್ಯಾಲ ಜರಗ್ತಿದ್ದಿ, ಬರೂಕಿಂತ ಮೊದಲ ಜರಗತಿದ್ದಿಲ್ಲ. ಅದನ್ನ ಎಷ್ಟ ಕಲಿಸಿದ್ರೂ ಕೆಲವರಿಗೆ ಬರಂಗಿಲ್ಲ. ನಿನಗ ಬರ್ತಿತ್ತೋ ಇಲ್ಲೋ, ಅದು ನೋಡಾಕ ನಮಗ ದಿನಾ ಸಾಲಲಿಲ್ಲ."

ಆಕೆ ತಲೆಯಾಡಿಸಿದಳು. ಬೇಸರವಾಯಿತೋ ಏನೋ ತಿಳಿಯಲಿಲ್ಲ. "ಕಾಲು ನಿಧಾನ ಇದ್ವು, ಹೌದು" ಎಂದಳು. "ನನಗೂ ಗೊತ್ತಿತ್ರಿ. ಅವತ್ತ ನೀವ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬಿಡ್ತೀ ಅಂತ ಅಂಜಿಕಿ ಇತ್ತು."

"ನಾ ಬಿಡತಿದ್ದಿಲ್ರಿ" ಎಂದಳು.

ನನ್ನ ತಟ್ಟೆಯಲ್ಲಿ ರೊಟ್ಟಿ ಆರಿಹೋಗಿತ್ತು. ಅದನ್ನು ತೆಗೆದು ಪಕ್ಕಕ್ಕಿಟ್ಟು ಬೇರೊಂದು ಬಿಸಿರೊಟ್ಟಿ ಹಾಕಿದಳು. ಹೊರಗೆ ನಮ್ಮ ಶಾಲೆಯ ಬಸ್ಸು ಹಾರ್ನ್ ಮಾಡುತ್ತಿತ್ತು. ಕಾಯಲಿ ಎಂದು ನಾನು ಊಟ ಮುಗಿಸಿದೆ.